ಯಜಮಾನರು ತಿನ್ನದ ವೀಳ್ಯ

ಶಿವಮೂರ್ತಿಯ ಮೇಲೆ ಯಾರದೂ ಒಂದು ದೂರಿರಲಿಲ್ಲ. ಆ ಒಂದೇ ಕಾರಣಕ್ಕೆ ಹೊಸಬೀದಿಯ ಜನ ಅವನನ್ನು ಯಜಮಾನನನ್ನಾಗಿ ಮಾಡಿಕೊಂಡರು. ಒಬ್ಬ ಮನುಷ್ಯನ ಮೇಲೆ ದೂರೇ ಇಲ್ಲ ಎಂದರೆ ಅವನು ಇದುವರೆಗೆ ಯಾರಿಗೂ ಯಾವುದಕ್ಕೂ "ಆಗುವುದಿಲ್ಲ" ಎಂದು ಹೇಳಿಲ್ಲ ಎಂದರ್ಥ. ಅಂಥವನ ಕೈಗೆ ಬೀದಿಯನ್ನು ಕೊಡುವ ಮೊದಲು ಸ್ವಲ್ಪ ಯೋಚಿಸಬೇಕಿತ್ತು. ಆದರೆ ಕೂಟ ಸೇರಿದ್ದು ಭಾನುವಾರ ಮಧ್ಯಾಹ್ನ, ಎಲ್ಲರ ಮನೆಯಲ್ಲೂ ಬಾಡಿನ ಸಾರು ಕುದಿಯುತ್ತಿದ್ದ ಹೊತ್ತಿನಲ್ಲಿ. ಆ ವಾಸನೆ ಮೂಗಿಗೆ ಬಡಿಯುತ್ತಿರುವಾಗ ಯಾರು ತಾನೇ ಯೋಚನೆ ಮಾಡುತ್ತಾರೆ.

ತಾಂಡವಪುರದಿಂದ ಒಳದಾರಿ ಹಿಡಿದು ಹೋದರೆ ಸಿಗುವ ಊರಿನ ಕೊನೆಯ ಬೀದಿ ಅದು. ಹೆಸರಿಟ್ಟವರೆಲ್ಲ ಮಣ್ಣಾಗಿ, ಅವರ ಮೊಮ್ಮಕ್ಕಳ ತಲೆ ನರೆತ ಮೇಲೂ ಹೊಸಬೀದಿ ಎಂದೇ ಕರೆಯುತ್ತಾರೆ. ಬೆಳಗಾದರೆ ಅರ್ಧ ಬೀದಿ ತಾಂಡ್ಯ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳ ಬಸ್ಸು ಹತ್ತುತ್ತದೆ, ಉಳಿದರ್ಧ ಕೂಲಿಗೋ ಗದ್ದೆಗೋ ಆಫೀಸಿಗೋ ಹೋಗುತ್ತದೆ. ಬೀದಿಯವರು ಬೌದ್ಧರಾಗಿ ಒಂದು ತಲೆಮಾರಾಯಿತು. ಮದುವೆಗೆ ಮುಹೂರ್ತ ಕೇಳುವುದಿಲ್ಲ, ರಾಹುಕಾಲ ನೋಡುವುದಿಲ್ಲ, ಪಂಚಶೀಲ ಹೇಳಿ ಹಾರ ಬದಲಾಯಿಸಿದರೆ ಮುಗಿಯಿತು. ಇಷ್ಟೆಲ್ಲ ಬಿಟ್ಟವರು ವೀಳ್ಯವನ್ನು ಮಾತ್ರ ಬಿಡಲಿಲ್ಲ. ಏನಾದರೂ ಆಗಬೇಕಾದವರು ತಟ್ಟೆಯಲ್ಲಿ ಎರಡು ಎಲೆ, ಒಂದು ಅಡಿಕೆ ಇಟ್ಟು ಯಜಮಾನನ ಮುಂದೆ ಹಿಡಿಯುತ್ತಾರೆ. ಯಜಮಾನ ಅದನ್ನು ಕೈಗೆ ತೆಗೆದುಕೊಂಡರೆ ಮಾತು ಕೊಟ್ಟಂತೆ. ಕಾಗದವಿಲ್ಲ, ರುಜುವಿಲ್ಲ. ಹೆಣ್ಣು ಕೊಟ್ಟದ್ದು, ಗಂಡು ತಂದದ್ದು, ಜಗಳ ಬಿಟ್ಟದ್ದು ಎಲ್ಲವೂ ಆ ಎರಡು ಎಲೆಯ ಮೇಲೆಯೇ ನಡೆದುಬಂದಿತ್ತು.

ಹಿಂದಿನ ಯಜಮಾನ ನಾಗಯ್ಯನವರ ಮುಂದೆ ವೀಳ್ಯ ಹಿಡಿದವರಿಗೆ ತೋಳು ನೋವು ಬರುತ್ತಿತ್ತು. ಅವರು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಹೇಳುವವರ ಮಾತು ಪೂರ್ತಿ ಮುಗಿಯುವ ತನಕ ಕೇಳಿ, ಆಮೇಲೆ ಇನ್ನೊಂದಿಷ್ಟು ಹೊತ್ತು ಸುಮ್ಮನಿದ್ದು, ಅನೇಕ ಸಲ ತಟ್ಟೆಯನ್ನು ಹಾಗೆಯೇ ವಾಪಸ್ಸು ಕಳಿಸಿಬಿಡುತ್ತಿದ್ದರು. ಅದರಿಂದಾಗಿ ಬೀದಿಯಲ್ಲಿ ಅರ್ಧ ಜನ ಅವರನ್ನು ಬೈಯುತ್ತಿದ್ದರು. ಇದೆಲ್ಲ ದೊಡ್ಡಸ್ತಿಕೆ, ಕೈ ಮುಂದೆ ಇಟ್ಟುಕೊಂಡರೆ ಗಂಟೇನು ಹೋಗುತ್ತದೆ ಎಂದು ಶಿವಮೂರ್ತಿಗೂ ಅನಿಸುತ್ತಿತ್ತು. ಮಂಡಿ ಹೋಯಿತೆಂದು ನಾಗಯ್ಯ ಇಳಿದು, ತಾನು ಆ ಜಾಗದಲ್ಲಿ ಕೂತ ದಿನವೇ ಅವನು ಮನಸ್ಸಿನಲ್ಲಿ ಒಂದು ತೀರ್ಮಾನ ಮಾಡಿಕೊಂಡ. ತನ್ನ ಕಾಲದಲ್ಲಿ ಯಾರೂ ಮುಖ ಸಣ್ಣ ಮಾಡಿಕೊಂಡು ಹೋಗಬಾರದು. ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲೂ ಅವನ ಪದ್ಧತಿ ಅದೇ. ಯಾರು ಏನು ಕೇಳಿದರೂ "ಆಯ್ತು ಬುಡಿ, ಮಾಡಣ" ಎನ್ನುವುದು. ಆ ಮಾತನ್ನು ಅವನು ಎಷ್ಟು ಮುದ್ದಾಗಿ ಹೇಳುತ್ತಿದ್ದನೆಂದರೆ, ಕೆಲಸ ಆಗದೇ ಹೋದ ಮೇಲೂ ಜನಕ್ಕೆ ಅವನ ಮೇಲೆ ಕೋಪ ಬರುತ್ತಿರಲಿಲ್ಲ.

ಹೀಗಿರುವಾಗ ಬೀದಿಗೆ ಒಂದು ನೀರಿನ ತೊಂಬೆ ಮಂಜೂರಾಯಿತು. ಮನೆಮನೆಗೆ ನಲ್ಲಿ ಹಾಕಿದ್ದರು ನಿಜ, ಆದರೆ ತಿರುಗಿಸಿದರೆ ಬುಸ್ಸೆಂದು ಗಾಳಿ ಬರುತ್ತಿತ್ತೇ ಹೊರತು ನೀರು ಬರುತ್ತಿರಲಿಲ್ಲ. ಹೆಂಗಸರು ಕೊಡ ಹೊತ್ತು ಗದ್ದೆ ಬಯಲಿನ ಬೋರ್‌ವೆಲ್ಲಿನ ತನಕ ಹೋಗಬೇಕಿತ್ತು. ಸುತ್ತ ನಲ್ಲಿಗಳಿರುವ ಒಂದು ಸಿಮೆಂಟಿನ ತೊಂಬೆ ಕಟ್ಟಿದರೆ ಬೀದಿಯ ಬೆನ್ನು ಉಳಿಯುತ್ತಿತ್ತು. ಪಂಚಾಯಿತಿಯ ಪಿಡಿಒ ಸರ್ವಮಂಗಳಾ ಮೇಡಂ ಶಿವಮೂರ್ತಿಯನ್ನು ಕರೆಸಿ ಹೇಳಿದ್ದು ಒಂದೇ ಮಾತು. ಜಾಗ ಯಾವುದೆಂದು ಬೀದಿಯವರೇ ತೀರ್ಮಾನಿಸಿ ತಿಳಿಸಬೇಕು. ಮಾರ್ಚಿ ಮುಗಿಯುವುದರೊಳಗೆ ಗುದ್ದಲಿ ಬೀಳದಿದ್ದರೆ ತೊಂಬೆ ಪಕ್ಕದ ಊರಿಗೆ ಹೋಗುತ್ತದೆ. ಶಿವಮೂರ್ತಿ ಆಯ್ತು ಬುಡಿ ಮೇಡಂ ಎಂದು ಬಂದ.

ಜಾಗ ಯಾವುದೆಂದು ಬೀದಿಯಲ್ಲಿ ಗೊತ್ತಿಲ್ಲದವರು ಯಾರೂ ಇರಲಿಲ್ಲ. ಬೀದಿಯ ಮೇಲಿನ ತುದಿಗೆ ಪೈಪಿನ ನೀರು ಏರುವುದಿಲ್ಲ. ಕೆಳಗಿನ ತುದಿಯಲ್ಲಿ ಚರಂಡಿ ನೀರು ಮಡುಗಟ್ಟಿ ನಿಲ್ಲುತ್ತದೆ. ಬೀದಿ ಅಗಲವಾಗುವ ನಡುಮಧ್ಯದ ಜಾಗ ಒಂದೇ ಸರಿ, ಅಲ್ಲಿ ನೀರೂ ಬರುತ್ತದೆ, ಎಲ್ಲರಿಗೂ ಹತ್ತಿರವೂ ಆಗುತ್ತದೆ. ತೊಂದರೆ ಏನೆಂದರೆ ಆ ಜಾಗ ಇದ್ದದ್ದು ಶಿವಮೂರ್ತಿಯ ಮನೆಯ ಮುಂದೆ. ಯಜಮಾನ ಆಗುತ್ತಲೇ ತೊಂಬೆಯನ್ನು ಬಾಗಿಲಿಗೆ ಎಳೆದುಕೊಂಡ ಎಂದು ಜನ ಆಡಿಕೊಳ್ಳುವುದನ್ನು ನೆನೆಸಿಕೊಂಡರೇ ಅವನಿಗೆ ಊಟ ಸೇರುತ್ತಿರಲಿಲ್ಲ. ಆದ್ದರಿಂದ ಅವನು ಜಾಗದ ಮಾತನ್ನೇ ಎತ್ತಲಿಲ್ಲ. ಎತ್ತಬೇಕಾದವನು ಎತ್ತದಿದ್ದಾಗ ಉಳಿದವರು ಎತ್ತುತ್ತಾರೆ.

ಮೊದಲು ಬಂದವಳು ಮೇಲಿನ ತುದಿಯ ಮರಿತಾಯಮ್ಮ. ಸೊಂಟ ಬಗ್ಗಿಹೋದ ಮುದುಕಿ. ನೀರು ಹೊತ್ತು ಹೊತ್ತು ತನ್ನ ಜೀವ ಸವೆಯಿತು, ಕಣ್ಣು ಮುಚ್ಚುವುದರೊಳಗೆ ತನ್ನ ಮನೆ ಬಾಗಿಲಲ್ಲಿ ನೀರು ಹಿಡಿಯಬೇಕೆಂದು ಆಸೆ ಎಂದು ತಟ್ಟೆ ಹಿಡಿದಳು. ದೊಡ್ಡವ್ವ, ಅಲ್ಲಿಗೆ ನೀರು ಏರಲ್ಲ ಎನ್ನಬೇಕಿತ್ತು. ಶಿವಮೂರ್ತಿಗೆ ಅವಳ ನಡುಗುವ ಕೈ ಕಂಡಿತೇ ಹೊರತು ಪೈಪು ಕಾಣಿಸಲಿಲ್ಲ. ಕೈ ತಾನಾಗಿ ಮುಂದೆ ಹೋಯಿತು, ವೀಳ್ಯ ಕೈಗೆ ಬಂತು. ತಿನ್ನಲು ಧೈರ್ಯ ಬರದೆ ಅದನ್ನು ಮೆಲ್ಲಗೆ ಅಂಗಿಯ ಜೇಬಿಗೆ ಹಾಕಿಕೊಂಡ.

ಜೇಬಿಗೆ ಹಾಕಿಕೊಂಡ ಆ ಗಳಿಗೆಯಲ್ಲೇ ಅವನಿಗೊಂದು ಮಹತ್ತರ ತತ್ತ್ವ ಹೊಳೆಯಿತು. ತಿಂದರೆ ತಾನೇ ಮಾತು ಕೊಟ್ಟಂತೆ? ಇನ್ನೂ ತಿಂದಿಲ್ಲ, ಆದ್ದರಿಂದ ಮಾತು ಇನ್ನೂ ಜೇಬಿನಲ್ಲೇ ಇದೆ, ಬಾಯಿಗೆ ಹೋಗಿಲ್ಲ. ಸುಳ್ಳು ಹೇಳುವುದಿಲ್ಲ ಎಂಬ ನಾಲ್ಕನೆಯ ಶೀಲಕ್ಕೂ ಇದರಿಂದ ಧಕ್ಕೆಯಿಲ್ಲ, ಏಕೆಂದರೆ ಅವನು ಬಾಯಿಬಿಟ್ಟು ಏನನ್ನೂ ಹೇಳಿಯೇ ಇಲ್ಲ. ದೊಡ್ಡ ದೊಡ್ಡ ವಕೀಲರಿಗೂ ತಟ್ಟನೆ ಹೊಳೆಯದ ಇಂಥ ಮಾತು ತನಗೆ ಹೊಳೆದದ್ದಕ್ಕೆ ಅವನಿಗೆ ಒಳಗೊಳಗೇ ಹೆಮ್ಮೆಯಾಯಿತು. ಯಜಮಾನಿಕೆ ಅಷ್ಟೇನೂ ಕಷ್ಟವಲ್ಲ ಎನಿಸಿತು.

ತತ್ತ್ವ ಸಿಕ್ಕ ಮೇಲೆ ಕೇಳಬೇಕೆ. ಕೆಳಗಿನ ತುದಿಯ ಪ್ರೇಮ್‌ಕುಮಾರ್, ಟಿ. ನರಸೀಪುರದ ಆಫೀಸೊಂದರಲ್ಲಿ ಗುಮಾಸ್ತ, ಕಾರ್ಖಾನೆಯ ಗೇಟಿನ ತನಕ ಬಂದು ಪ್ಲಾಸ್ಟಿಕ್ ಕವರಿನೊಳಗಿಂದ ವೀಳ್ಯ ತೆಗೆದ. ಭಾವ, ಕೆಳಗಡೆ ಜನ ಜಾಸ್ತಿ, ತೊಂಬೆ ನಮಗೇ ಬರಬೇಕು ಎಂದು ಅರ್ಧ ಗಂಟೆ ಇಂಗ್ಲಿಷು ಬೆರೆಸಿ ವಿವರಿಸಿದ. ಶಿವಮೂರ್ತಿ ತೆಗೆದುಕೊಂಡು ಇನ್ನೊಂದು ಜೇಬಿಗೆ ಹಾಕಿದ. ಬೀದಿಯ ಬಾಯಲ್ಲಿ ಪೆಟ್ಟಿಗೆ ಅಂಗಡಿ ಇಟ್ಟಿದ್ದ ಕರಿಯಪ್ಪನಿಗೆ ತೊಂಬೆ ಅಂಗಡಿಯ ಪಕ್ಕ ಬಂದರೆ ನೀರಿಗೆ ಬಂದವರು ಬೀಡಿ ಬೆಂಕಿಪೊಟ್ಟಣಕ್ಕೂ ಬರುತ್ತಾರೆ ಎಂಬ ಲೆಕ್ಕ. ಎಲೆ ಮಾರುವವನೇ ಆದ್ದರಿಂದ ಅವನು ಒಳ್ಳೆಯ ಎಲೆಯನ್ನೇ ಆರಿಸಿ ಕೊಟ್ಟ. ಅದೂ ಜೇಬಿಗೆ ಹೋಯಿತು. ಮೂವರೂ ನಗುತ್ತಾ ಹೋದರು, ಮೂವರೂ ನಮ್ಮ ಯಜಮಾನನಂಥವನು ಸುತ್ತಮುತ್ತ ಇಲ್ಲ ಎಂದರು. ಶಿವಮೂರ್ತಿಗೆ ಆ ವಾರವೆಲ್ಲ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಗುಟ್ಟು ಹೊರಬಿದ್ದದ್ದು ವಾಷಿಂಗ್ ಮೆಷಿನ್ನಿನಿಂದ. ಹೊತ್ತು ತಂದ ನೀರು ಸುರಿದು ಯೂನಿಫಾರಂ ಹಾಕಿ ತಿರುಗಿಸಿದರೆ ಒಳಗೆ ಗಡಗಡ ಸದ್ದು. ಅವನ ಹೆಂಡತಿ ಪವಿತ್ರ ಮೆಷಿನ್ ಕೆಟ್ಟಿತೆಂದು ಗಾಬರಿಯಾಗಿ ತೆಗೆದು ನೋಡಿದರೆ ಅಡಿಕೆ ಉರುಳುತ್ತಿದ್ದವು, ಬಾಡಿದ ಎಲೆ ಅಂಗಿಗೆ ಅಂಟಿಕೊಂಡಿತ್ತು. ಶಿವಮೂರ್ತಿ ತನ್ನ ತತ್ತ್ವವನ್ನು ಹೆಂಡತಿಗೆ ಸಾವಧಾನವಾಗಿ ಬಿಡಿಸಿ ಹೇಳಿದ. ಅವಳು ಬ್ಲೌಸು ಹೊಲಿಯುವವಳು, ಬಟ್ಟೆ ಎಲ್ಲಿ ಸಾಲದು ಎಂಬುದು ಅಳತೆ ಹಿಡಿಯುವಾಗಲೇ ತಿಳಿಯುತ್ತದೆ. ಒಳಗೆ ಹೋಗಿ ಒಂದು ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟುಕೊಂಡು ಬಂದು ಗಂಡನ ಮುಂದೆ ಹಿಡಿದಳು.

"ಯಾರ್ ಮನೆ ಮುಂದಾದ್ರೂ ಕಟ್ಕಳಿ, ನಮ್ಮನೆ ಮುಂದೆ ಬ್ಯಾಡ. ಬೆಳಗಾಗದ್ರೊಳಗೆ ಕೊಡದ ಸದ್ದು, ಜಗಳ, ಕೆಸರು. ನಮ್ಮವ್ವ ಕೊಟ್ಟ ಕಾಕಡದ ಹೂವಿನ ಗಿಡ ಅಲ್ಲೇ ಅದೆ. ಅದ್ನ ಕೀಳಕ್ಕೆ ನಾನ್ ಬುಡಲ್ಲ. ತಕ್ಕಳಿ."

ಅವನು ತೆಗೆದುಕೊಂಡ. ಹೆಂಡತಿಗೆ ಇಲ್ಲ ಎನ್ನುವ ಅಭ್ಯಾಸ ಅವನಿಗೆ ಮೊದಲಿನಿಂದಲೂ ಇರಲಿಲ್ಲ. ಹೀಗೆ, ತೊಂಬೆ ಬರಬಾರದ ಮೂರು ಜಾಗಕ್ಕೆ ಅದು ಬರುತ್ತದೆಂದೂ, ಬರಬೇಕಾದ ಒಂದೇ ಜಾಗಕ್ಕೆ ಬರುವುದಿಲ್ಲವೆಂದೂ ಹೊಸಬೀದಿಯ ಯಜಮಾನರು ವೀಳ್ಯ ತೆಗೆದುಕೊಂಡಂತಾಯಿತು.

ಮಾರ್ಚಿಯ ಕೊನೆ ಬಂತು. ಮೇಡಂ ಫೋನು ಮಾಡಿ ಜಾಗ ತೀರ್ಮಾನವಾಯಿತೇ ಎಂದು ಕೇಳಿದಾಗ ಶಿವಮೂರ್ತಿ, ಎಲ್ಲಾ ರೆಡಿ, ಶುಕ್ರವಾರ ಬೆಳಿಗ್ಗೆ ಗುದ್ದಲಿ ಪೂಜೆಗೆ ಬಂದುಬಿಡಿ ಎಂದ. ಮರಿತಾಯಮ್ಮ ಕೇಳಿದಳು, ಶುಕ್ರವಾರ ಎಂದ. ಪ್ರೇಮ್‌ಕುಮಾರ್‌ಗೂ ಶುಕ್ರವಾರ, ಕರಿಯಪ್ಪನಿಗೂ ಶುಕ್ರವಾರ. ಶುಕ್ರವಾರದೊಳಗೆ ಏನಾದರೂ ಆಗುತ್ತದೆ ಎಂದು ಅವನ ನಂಬಿಕೆ. ಏನಾಗಬಹುದೆಂದು ಅವನಿಗೂ ಗೊತ್ತಿರಲಿಲ್ಲ. ಶುಕ್ರವಾರ ಎಂದಿನಂತೆ ಗುರುವಾರದ ಮಾರನೆಯ ದಿನವೇ ಬಂತು. ಅತ್ತೆಗೆ ಹುಷಾರಿಲ್ಲವಂತೆ ಎಂದು ದಾರಿಯಲ್ಲಿ ಸಿಕ್ಕವರಿಗೆ ಹೇಳಿ, ಹೆಂಡತಿಗೆ ಅದನ್ನೂ ಹೇಳದೆ ಯಜಮಾನರು ಮೊದಲ ಬಸ್ಸು ಹತ್ತಿ ಟಿ. ನರಸೀಪುರ ಸೇರಿಕೊಂಡರು.

ಅತ್ತೆ ಮಾದಮ್ಮ ಗಟ್ಟಿಮುಟ್ಟಾಗಿ ಅಂಗಳದಲ್ಲಿ ಮೀನು ಉಜ್ಜುತ್ತಿದ್ದಳು. ಅಳಿಯ ಹೇಳದೆ ಕೇಳದೆ ಬಂದದ್ದಕ್ಕೆ ಸಂಭ್ರಮಪಟ್ಟು ಹೊತ್ತಿಗೆ ಮುಂಚೆಯೇ ಅನ್ನ ಮೀನುಸಾರು ಬಡಿಸಿದಳು. ಕಾಕಡದ ಗಿಡ ಹೂ ಬಿಡುತ್ತಿದೆಯೇ ಎಂದು ಕೇಳಿದಳು. ಶಿವಮೂರ್ತಿಯ ಜೇಬಿನಲ್ಲಿ ಫೋನು ಒಂದೇ ಸಮನೆ ನಡುಗುತ್ತಿತ್ತು, ಅವನು ಅದರ ಮೇಲೆ ಎಡಗೈ ಇಟ್ಟುಕೊಂಡೇ ಉಂಡ. ಊಟವಾದ ಮೇಲೆ ಅತ್ತೆ ವಾಡಿಕೆಯಂತೆ ಎಲೆ ಅಡಿಕೆಯ ತಟ್ಟೆ ಮುಂದೆ ಹಿಡಿದಳು. ಅಳಿಯ ಬೆಚ್ಚಿಬಿದ್ದು ಗೋಡೆಗೆ ಒರಗಿಕೊಂಡ. ಇದರಲ್ಲಿ ಏನಾದರೂ ಕೇಳುವುದಿದೆಯೇ ಅತ್ತೆ ಎಂದ.

ಮಾದಮ್ಮನಿಗೆ ನಗು ಬಂತು. ಉಂಡ ಬಾಯಿಗೆ ಎಲೆ ಕೊಡುವುದಕ್ಕೂ ಒಂದು ಕಾರಣ ಬೇಕೇ ಎಂದಳು. ಶಿವಮೂರ್ತಿ ಎಲೆ ತೆಗೆದುಕೊಂಡು ಬಾಯಿಗೆ ಹಾಕಿಕೊಂಡ. ಇಷ್ಟು ದಿನದಲ್ಲಿ ಅವನು ಅಗಿದ ಮೊದಲ ವೀಳ್ಯ ಅದು. ಯಾರೂ ಏನೂ ಕೇಳದೆ ಕೊಟ್ಟದ್ದೂ ಅದೊಂದೇ. ಅಗಿಯುತ್ತಾ ಅಗಿಯುತ್ತಾ ಅವನಿಗೆ ಯಾಕೋ ಕಣ್ಣಲ್ಲಿ ನೀರು ಬಂತು. ಅತ್ತೆ ಸುಣ್ಣ ಜಾಸ್ತಿಯಾಯಿತೇ ಎಂದು ಕೇಳಿದ್ದಕ್ಕೆ ಅವನು ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿಬಿಟ್ಟ. ಅಷ್ಟರಲ್ಲಿ ಪವಿತ್ರ ತಾಯಿಯ ಫೋನಿಗೇ ಮಾಡಿ ಗಂಡನ ಕೈಗೆ ಕೊಡಿಸಿದಳು. ಬೀದಿಯಲ್ಲಿ ಮೂರು ಕಡೆ ಗುದ್ದಲಿ ಪೂಜೆಗೆ ಇಟ್ಟಿದ್ದಾರೆ, ಮೇಡಂ ನಾಗಯ್ಯ ಮಾವನ ಜಗಲಿಯಲ್ಲಿ ಕೂತಿದ್ದಾರೆ, ಸಂಜೆಯೊಳಗೆ ಜಾಗ ತೋರಿಸದಿದ್ದರೆ ತೊಂಬೆ ಪಕ್ಕದ ಊರಿಗಂತೆ, ಜನ ನಿಮಗೆ ಹಿಡಿಶಾಪ ಹಾಕುತ್ತಿದ್ದಾರೆ ಎಂದಳು. ಫೋನು ಇಟ್ಟ ಮೇಲೆ ಶಿವಮೂರ್ತಿ ಇನ್ನೆರಡು ದಿನ ಇಲ್ಲೇ ಇರಲೇ ಅತ್ತೆ ಎಂದು ಕೇಳಿದ.

ಮಾದಮ್ಮ ತಟ್ಟೆಯನ್ನು ಎತ್ತಿಟ್ಟಳು. "ಓಗಿ ಅಳೀಮಯ್ಯ. ಅವ್ರು ಬಯ್ಯಕ್ಕಾದ್ರೂ ಎದುರ್ಗೆ ಒಬ್ರು ಬ್ಯಾಡ್ವಾ? ಅದುಕ್ಕೇ ಅಲ್ವಾ ನಿಮ್ಮನ್ನ ಮಾಡಿರದು."

ನಂಜನಗೂಡಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಅವನು ದಾರಿಯುದ್ದಕ್ಕೂ ಅದನ್ನೇ ಯೋಚಿಸಿದ. ಅವರೆಲ್ಲ ತನ್ನನ್ನು ಯಜಮಾನ ಮಾಡಿದ್ದು ತನ್ನ ಒಳ್ಳೆಯತನಕ್ಕೆ ಕೊಟ್ಟ ಬಹುಮಾನ ಎಂದುಕೊಂಡಿದ್ದ. ಹಾಗಲ್ಲ, ಅದು ಬೈಸಿಕೊಳ್ಳುವ ಕೆಲಸ, ನಾಗಯ್ಯ ದೊಡ್ಡಪ್ಪ ಇಷ್ಟು ಕಾಲ ಮಾಡಿದ್ದೂ ಅದನ್ನೇ ಎಂದು ಈಗ ತಿಳಿಯಿತು. ತಾನು ಯಾರ ಮನಸ್ಸನ್ನೂ ನೋಯಿಸದೆ ಇದ್ದದ್ದು ಅವರ ಮೇಲಿನ ಕರುಣೆಯಿಂದಲ್ಲ, ಅವರ ಬಾಯಲ್ಲಿ ಒಳ್ಳೆಯವನು ಅನಿಸಿಕೊಳ್ಳುವ ಚಪಲದಿಂದ. ಹಾಗೆ ಅನಿಸಿದಾಗ ಅವನಿಗೆ ನಾಚಿಕೆಯಾಯಿತು.

ಬೀದಿಗೆ ಕಾಲಿಟ್ಟಾಗ ಎಲ್ಲವೂ ಅವನಿಗಾಗಿಯೇ ಕಾದಿತ್ತು. ಕರಿಯಪ್ಪನ ಅಂಗಡಿ ಪಕ್ಕ ಒಂದು ಗುದ್ದಲಿಗೆ ಹೂ ಸುತ್ತಿತ್ತು, ಕೆಳಗಿನ ತುದಿಯಲ್ಲಿ ಪ್ರೇಮ್‌ಕುಮಾರ್ ಶಾಮಿಯಾನ ಹಾಕಿಸಿ ಮೈಕು ತರಿಸಿದ್ದ, ಮೇಲಿನ ತುದಿಯಲ್ಲಿ ಮರಿತಾಯಮ್ಮ ಬಾಬಾಸಾಹೇಬರ ಪಟಕ್ಕೆ ಹಾರ ಹಾಕಿ ಪಕ್ಕದಲ್ಲಿ ತನ್ನ ಖಾಲಿ ಕೊಡವನ್ನು ಇಟ್ಟುಕೊಂಡು ಕೂತಿದ್ದಳು. ಮೂರೂ ಕಡೆ ಸನ್ಮಾನ ಮಾಡಿಸಿಕೊಂಡ ಸರ್ವಮಂಗಳಾ ಮೇಡಂ ಕೊರಳಲ್ಲಿ ಮೂರು ಹಾರ ಹೊತ್ತು ನಾಗಯ್ಯನವರ ಜಗಲಿಯ ಮೇಲೆ ಸುಸ್ತಾಗಿದ್ದರು. ಪಕ್ಕದಲ್ಲಿ ಮೂರು ಡಜನ್ ಬಾಳೆಹಣ್ಣಿತ್ತು. ಅವನು ಬಂದದ್ದೇ ಜನ ಸುತ್ತುವರಿದರು. ನನ್ನ ವೀಳ್ಯ ತೆಗೆದುಕೊಂಡಿದ್ದಾನೆ ಎಂದು ಪ್ರೇಮ್‌ಕುಮಾರ್, ಇಲ್ಲ ನನ್ನದು ಎಂದು ಕರಿಯಪ್ಪ. ಮರಿತಾಯಮ್ಮ ಕೋಲೂರಿಕೊಂಡು ಬಂದು ಅವನ ಮುಂದೆ ನಿಂತು, ನನ್ನ ಕೈಯಿಂದ ತೆಗೆದುಕೊಂಡೆಯೋ ಇಲ್ಲವೋ ಅಷ್ಟು ಹೇಳು ಎಂದಳು.

ದಾರಿಯಲ್ಲಿ ಯೋಚಿಸಿದ್ದೆಲ್ಲ ಆ ಗಳಿಗೆಯಲ್ಲಿ ಮರೆತುಹೋಯಿತು. ಹಳೆಯ ತತ್ತ್ವವೇ ನಾಲಿಗೆಗೆ ಬಂತು.

"ತಕ್ಕಂಡೆ ದೊಡ್ಡವ್ವ. ಆದ್ರೆ ತಿನ್ನಲಿಲ್ಲ."

ಜಗಲಿಯ ಮೇಲೆ ಮೇಡಂ ಬಾಳೆಹಣ್ಣು ಸುಲಿಯುವುದನ್ನು ನಿಲ್ಲಿಸಿದರು. ಮರಿತಾಯಮ್ಮ ಬಗ್ಗಿದ ಸೊಂಟವನ್ನು ಆದಷ್ಟು ನೆಟ್ಟಗೆ ಮಾಡಿ ಅವನ ಮುಖ ನೋಡಿದಳು.

"ನನ್ನ ಈ ಬೀದಿಗೆ ಮದ್ವೆ ಮಾಡ್ಕೊಡೋವಾಗ ನಮ್ಮಪ್ಪನ ಕೈಯಿಂದ ವೀಳ್ಯ ತಕ್ಕಂಡೋನು ನಿಮ್ಮ ತಾತ ಕಣಪ್ಪ. ಅವ್ನು ತಿಂದ್ನಾ ಇಲ್ವಾ ಅಂತ ನಾನ್ ಕೇಳ್ನಿಲ್ಲ. ಅದ್ನ ನಂಬ್ಕಂಡೇ ಇಲ್ಲೀಗಂಟ ಬಾಳುದ್ದೀನಿ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಶಿವಮೂರ್ತಿ ತಲೆ ಎತ್ತಲಿಲ್ಲ. ನಾಗಯ್ಯ ಜಗಲಿಯಿಂದ ಇಳಿದು ಬಂದು, ಎಲ್ಲರಿಗೂ ಕೇಳುವಂತೆ ಪದ್ಧತಿಯನ್ನು ನೆನಪಿಸಿದರು. ತೆಗೆದುಕೊಂಡ ವೀಳ್ಯದ ಮಾತನ್ನು ಉಳಿಸಿಕೊಳ್ಳಲು ಆಗದ ಯಜಮಾನ ಹೊಸ ಎಲೆ ತಂದು, ಕೊಟ್ಟವರ ಕೈಗೇ ಹಿಂದಿರುಗಿಸಿ, ಮಾತು ತಪ್ಪಿದೆ ಎಂದು ಬಾಯಿಬಿಟ್ಟು ಹೇಳಬೇಕು. ಹಾಗೆ ಹೇಳಿದವನು ಆ ಹೊತ್ತಿನಿಂದ ಯಜಮಾನನಲ್ಲ. ಅವರ ನೆನಪಿನಲ್ಲಿ ಬೀದಿಯಲ್ಲಿ ಅದು ನಡೆದಿರಲಿಲ್ಲ.

ಶಿವಮೂರ್ತಿ ಲೆಕ್ಕ ಹಾಕಿದ. ಯಾರಾದರೂ ಒಬ್ಬರ ಮಾತು ಉಳಿಸಿದರೆ ಯಜಮಾನಿಕೆ ಹೇಗೋ ಉಳಿಯುತ್ತದೆ, ತೊಂಬೆ ಕೆಡುತ್ತದೆ. ನಾಲ್ಕನ್ನೂ ಹಿಂದಿರುಗಿಸಿದರೆ ತೊಂಬೆ ಉಳಿಯುತ್ತದೆ, ತಾನು ಹೋಗುತ್ತೇನೆ. ಅವನು ನೇರ ಕರಿಯಪ್ಪನ ಅಂಗಡಿಗೆ ನಡೆದು ಎಲೆ ಕೇಳಿದ. ಕರಿಯಪ್ಪ ಸಿಡುಕುತ್ತಲೇ ಎಣಿಸತೊಡಗಿ, ಮೂರು ಜನಕ್ಕೆ ತಾನೇ ಎಂದ. ನಾಲ್ಕು ಜನಕ್ಕೆ ಎಂದ ಶಿವಮೂರ್ತಿ. ನಾಲ್ಕನೆಯವರು ಯಾರೆಂದು ಕೇಳಿದ್ದಕ್ಕೆ, ಅದು ಮನೆಯಲ್ಲಿದೆ ಎಂದು ಹೇಳಿ ಮೊದಲ ವೀಳ್ಯವನ್ನು ಕರಿಯಪ್ಪನ ಕೈಗೇ ಇಟ್ಟ. ಅಂಗಡಿಯ ಪಕ್ಕ ತೊಂಬೆ ಬಂದರೆ ಎತ್ತಿನಗಾಡಿ ಸಹ ಬೀದಿಯೊಳಕ್ಕೆ ಬರಲಾರದು, ಮಾತು ತಪ್ಪಿದೆ ಎಂದ. ಈ ಸಲ ಮಾತು ಪೂರ್ತಿಯಾಗಿ ಹೊರಬಂತು. ಪ್ರೇಮ್‌ಕುಮಾರ್ ಮೈಕಿಗಾದ ಬಾಡಿಗೆಯ ಮಾತೆತ್ತಿ ಕೂಗಾಡಿದ. ಶಿವಮೂರ್ತಿ ಬೈಸಿಕೊಂಡು ಮುಗಿದ ಮೇಲೆ, ಮಾತು ತಪ್ಪಿದೆ ಎಂದ. ಮರಿತಾಯಮ್ಮನ ಹತ್ತಿರ ಬಂದಾಗ ಅವನ ಕಣ್ಣು ತುಂಬಿತು. ದೊಡ್ಡವ್ವ, ನಿನ್ನ ಬಾಗಿಲಿಗೆ ನೀರು ಏರುವುದಿಲ್ಲ, ಇದು ನನಗೆ ಆವತ್ತೇ ಗೊತ್ತಿತ್ತು ಎಂದ. ಅವಳು ಎಲೆ ತೆಗೆದುಕೊಂಡು ಸೆರಗಿಗೆ ಕಟ್ಟಿಕೊಂಡಳು. ಆವತ್ತೇ ಹೇಳಿದ್ದರೆ ಹಾರದ ಖರ್ಚಾದರೂ ಉಳಿಯುತ್ತಿತ್ತು ಎಂದಳು.

ಆಮೇಲೆ ಅವನು ಮೇಡಂ ಅವರನ್ನು ಕರೆದುಕೊಂಡು ಬಂದು ತನ್ನ ಮನೆಯ ಮುಂದಿನ ಜಾಗ ತೋರಿಸಿದ. ಹಿಂದಿನಿಂದ ಯಾರೋ, ಕಡೆಗೂ ತನ್ನ ಬಾಗಿಲಿಗೇ ಎಳೆದುಕೊಂಡ ನೋಡಿ ಎಂದರು. ಅವನು ಇಷ್ಟು ದಿನ ಹೆದರಿದ್ದು ಆ ಒಂದು ಮಾತಿಗೆ. ಅದು ಕಿವಿಗೆ ಬಿತ್ತು, ನೋವಾಯಿತು, ಆದರೂ ಅವನು ನಿಂತೇ ಇದ್ದ. ಹೊಸ್ತಿಲ ಮೇಲೆ ಪವಿತ್ರ ನಿಂತಿದ್ದಳು. ಬೀದಿಯೆಲ್ಲ ನೋಡುತ್ತಿರುವಾಗ ಹೆಂಡತಿಯ ಕೈಗೆ ವೀಳ್ಯ ಇಟ್ಟು ಅವನು ಹೇಳಿದ, "ತೊಂಬೆ ಇಲ್ಲೇ ಬರದು. ನಿಂಗೂ ಮಾತು ತಪ್ಪಿದೆ."

ಮದುವೆಯಾದಂದಿನಿಂದ ಅವನು ಪವಿತ್ರಳಿಗೆ ಒಂದು ಸಲವೂ ಹೀಗೆ ಎದುರಾಡಿರಲಿಲ್ಲ. ಅವಳು ಒಳಗೆ ಹೋದಳು. ಪಾತ್ರೆ ಎಸೆಯುತ್ತಾಳೆಂದು ಜನ ಕಾದರು. ಅವಳು ಹಾರೆ ತಂದು ಸೆರಗು ಸಿಕ್ಕಿಸಿಕೊಂಡು ಕಾಕಡದ ಗಿಡದ ಬುಡವನ್ನು ಸುತ್ತಲೂ ಬಿಡಿಸಿ, ಮಣ್ಣಿನ ಸಮೇತ ಎತ್ತಿ, ಹಿತ್ತಲಿಗೆ ಒಯ್ದು ನೆಟ್ಟಳು. ಬೇರು ಕಿತ್ತ ಗಿಡ ಉಳಿಯುತ್ತದೋ ಇಲ್ಲವೋ ಎಂಬ ಕೊರಗಿಗೆ ಅವಳು ಮೂರು ದಿನ ಗಂಡನ ಹತ್ತಿರ ಮಾತಾಡಲಿಲ್ಲ.

ತೊಂಬೆಗೆ ಪಾಯ ಬಿದ್ದ ಮೇಲೆ ಹೊಸ ಯಜಮಾನನನ್ನು ಆರಿಸಲು ಅಂಬೇಡ್ಕರ್ ಭವನದ ಜಗಲಿಯಲ್ಲಿ ಕೂಟ ಸೇರಿತು. ಶಿವಮೂರ್ತಿ ಹಿಂದೆ, ಕಂಬದ ಮರೆಯಲ್ಲಿ ಕೂತಿದ್ದ. ಪ್ರೇಮ್‌ಕುಮಾರ್ ಅವನು ಮಾತು ತಪ್ಪಿದವನು ಎಂದ, ಕರಿಯಪ್ಪ ವ್ಯಾಪಾರ ಕೆಡಿಸಿದ ಎಂದ, ಇನ್ನೊಬ್ಬರು ಬಾಗಿಲಿಗೆ ತೊಂಬೆ ಎಳೆದುಕೊಂಡ ಎಂದರು. ಎಲ್ಲರೂ ಮುಗಿಸುವ ತನಕ ನಾಗಯ್ಯ ಕೈ ಹಿಂದೆ ಕಟ್ಟಿಕೊಂಡು ಕೇಳಿದರು. ಹಾಗಾದರೆ ಯಾರು ಮುಂದೆ ಬರುತ್ತೀರಿ ಎಂದು ಕೇಳಿದ್ದಕ್ಕೆ ಎಲ್ಲರೂ ಪಕ್ಕದವರ ಮುಖ ನೋಡಿದರು. ಕಡೆಗೆ ಮರಿತಾಯಮ್ಮ ಬಾಯಿಬಿಟ್ಟಳು.

"ಅವತ್ತು ಅವ್ನ ಮೇಲೆ ಯಾರ್ದೂ ದೂರಿಲ್ಲ ಅಂತ ಮಾಡುದ್ರಿ, ಬೀದಿ ಕೆಟ್ಟೋಯ್ತು. ಈಗ ಎಲ್ರುದೂ ದೂರು ಅದೆ. ಇವತ್ತು ಮಾಡ್ರಪ್ಪ, ಇರ್ಲಿ."

ಮೊದಲು ನಗು, ಆಮೇಲೆ ಗೊಣಗಾಟ, ಆಮೇಲೆ ಯಾರಿಗೂ ಬೇರೆ ಹೆಸರು ಹೊಳೆಯಲಿಲ್ಲ. ಈ ಬೀದಿಯಲ್ಲಿ ನಡೆಯದ್ದು ಒಂದು ಸಲ ನಡೆಯಿತು, ಇನ್ನೊಂದು ಸಲ ನಡೆಯಲಿ ಎಂದು ನಾಗಯ್ಯ ಹೇಳಿದರು. ಶಿವಮೂರ್ತಿಯನ್ನು ಎಳೆದು ತಂದು ಮುಂದೆ ಕೂರಿಸಿದರು. ಅವನು ಕೂತನೋ ಇಲ್ಲವೋ, ಕರಿಯಪ್ಪ ಎದ್ದು ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟುಕೊಂಡು ಎದುರಿಗೆ ಬಂದು ನಗುತ್ತಾ ಹಿಡಿದ.

ಶಿವಮೂರ್ತಿಯ ಬಲಗೈ ಹಳೆಯ ಅಭ್ಯಾಸದಂತೆ ಮುಂದೆ ಹೊರಟಿತು. ಅವನು ಅದನ್ನು ಎಡಗೈಯಿಂದ ಹಿಡಿದು ಬೆನ್ನ ಹಿಂದಕ್ಕೆ ಎಳೆದುಕೊಂಡ.

"ಮೊದ್ಲು ಏನು ಅಂತ ಯೋಳು, ಕರಿಯಣ್ಣ," ಎಂದ.

ಕರಿಯಪ್ಪ ಹೇಳತೊಡಗಿದ. ಮಾತು ಬಹಳ ಉದ್ದವಿತ್ತು, ಅವನ ತೋಳು ನೋಯತೊಡಗಿತು.